ಚಂದ್ರನ ಮೇಲೆ ಓರೆಯಾಗಿ ನಿಂತದ್ದು

ಅದು ನೆಟ್ಟಗೆ ನಿಂತಿತ್ತು. ದಾರದ ತುದಿಗೆ ಕಟ್ಟಿದ ಹಿತ್ತಾಳೆ ಗುಂಡನ್ನು ಭೀಮರಾಜು ನಾಲ್ಕೂ ಕಡೆಯಿಂದ ಇಳಿಬಿಟ್ಟು ನೋಡಿದ; ನಡುಗಂಬಕ್ಕೂ ದಾರಕ್ಕೂ ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಮನುಷ್ಯರು ಚಂದ್ರನ ಮೇಲೆ ಕಾಲಿಡುವುದಕ್ಕೆ ಮುಂಚೆ ರಷ್ಯಾದವರು ಕಳಿಸಿದ, ಅಲ್ಲಿ ಒಡೆಯದೆ ಇಳಿದ ಮೊಟ್ಟಮೊದಲ ಯಂತ್ರ. ಲೂನಾ ಒಂಬತ್ತು. ಈಗ ಅದು ಮಧುಗಿರಿಯ ಹೈಸ್ಕೂಲೊಂದರ ಮೈದಾನದ ಮೂಲೆಯಲ್ಲಿ, ಕಬ್ಬಿಣದ ಸರಳು, ಸಿಮೆಂಟು ಗಾರೆ, ಬೆಳ್ಳಿ ಬಣ್ಣದಲ್ಲಿ, ನಾಲ್ಕು ದಳ ಬಿಚ್ಚಿಕೊಂಡು, ಬೊಂಬುಗಳ ಆಸರೆಯಲ್ಲಿ ಗುಂಡಿಯೊಳಗೆ ಕಾಲಿಳಿಸಿ ನಿಂತಿದೆ. ಪುಟ್ಟಕ್ಕ ಬಾಂಡಲಿಯಲ್ಲಿ ಕಾಂಕ್ರೀಟು ತಂದು ಬುಡಕ್ಕೆ ಸುರಿಯುತ್ತಿದ್ದಾಳೆ. ಮಧ್ಯಾಹ್ನದೊಳಗೆ ಅದು ಕಚ್ಚಿಕೊಂಡರೆ ಆಮೇಲೆ ಯಾರ ಅಪ್ಪ ಬಂದರೂ ಅಲುಗಾಡಿಸುವಂತಿಲ್ಲ. ಇಷ್ಟು ಚೊಕ್ಕಟವಾಗಿ ಈ ತಾಲ್ಲೂಕಿನಲ್ಲಿ ಇನ್ಯಾರು ನಿಲ್ಲಿಸುತ್ತಾರೆ, ಕರೆಸಿ ನೋಡೋಣ ಎಂದು ಅವನು ಮನಸ್ಸಿನಲ್ಲೇ ಸವಾಲು ಹಾಕಿದ. ಹಾಕಿದ ಮೇಲೂ ಗುಂಡನ್ನು ಇನ್ನೊಮ್ಮೆ ಇಳಿಬಿಟ್ಟು ನೋಡಿದ. ಸೈನ್ಸ್ ಮೇಡಂ ಅತಿಯಾ ಅದನ್ನು ಓರೆಯಾಗಿ ನಿಲ್ಲಿಸಲು ಹೇಳಿದ್ದರು. ಒಂದು ಸಲವಲ್ಲ, ಮತ್ತೆ ಮತ್ತೆ ಹೇಳಿದ್ದರು. ಅವನು ಪ್ರತಿ ಸಲವೂ ಆಗಲಿ ಮೇಡಂ ಎಂದು ತಲೆಯಾಡಿಸಿದ್ದ.

ತಲೆಯಾಡಿಸುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಿರಲಿಲ್ಲ. ನೆನ್ನೆ ಸಂಜೆ ನಾಗಲಿಂಗಯ್ಯನವರ ಫೋನು ಬರುವವರೆಗೂ ಓರೆಯಾಗಿಯೇ ನಿಲ್ಲಿಸುವುದೆಂದಿತ್ತು. ದೊಡ್ಡೇರಿ ಕಡೆಯ ಅವರ ಹಳ್ಳಿಯಲ್ಲಿ ದೇವಸ್ಥಾನಕ್ಕೆ ಹೊಸ ಗೋಪುರ ಏಳುತ್ತಿದೆ, ಅದರ ಗಾರೆ ಗೊಂಬೆಗಳನ್ನು ಯಾರ ಕೈಲಿ ಮಾಡಿಸಬೇಕೆಂದು ತೀರ್ಮಾನ ಮಾಡುವ ಯಜಮಾನರು ಅವರು. "ನಾಳೆ ಮಧುಗಿರೀಲಿ ಕೋರ್ಟು ಕೆಲ್ಸ ಐತೆ. ಹಂಗೇ ನಿನ್ ಕೈಕೆಲ್ಸಾನೂ ನೋಡ್ಕಂಡು ಹೋಗ್ತೀನಿ ಕಣಯ್ಯ" ಎಂದಿದ್ದರು. ಭೀಮರಾಜು ಗೋಪುರ ಹತ್ತಿ ವರ್ಷಗಳೇ ಆಗಿವೆ. ಕಾರಣ ಊರಿಗೆಲ್ಲ ಗೊತ್ತು, ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಶಿರಾ ರಸ್ತೆಯ ಗೋಪುರವೊಂದರ ಮೇಲೆ ಅವನು ಮಾಡಿದ ದ್ವಾರಪಾಲಕನೊಬ್ಬ ಗದೆ ಊರಿಕೊಂಡು ಎಡಕ್ಕೆ ವಾಲಿ ನಿಂತಿದ್ದಾನೆ. ಮೀಸೆ ಸರಿಯಾಗಿದೆ, ಕಿರೀಟ ಸರಿಯಾಗಿದೆ, ಎದೆಯ ಮೇಲಿನ ಹಾರದ ಒಂದೊಂದು ಮಣಿಯೂ ಸರಿಯಾಗಿದೆ, ಆಳು ಮಾತ್ರ ಹೆಂಡದಂಗಡಿಯಿಂದ ಈಗ ತಾನೇ ಎದ್ದು ಬಂದವನ ಹಾಗಿದ್ದಾನೆ. ಅವತ್ತು ತನ್ನ ಕಣ್ಣನ್ನೇ ನಂಬಿ ಗುಂಡು ಬಿಡದೆ ನಿಲ್ಲಿಸಿದ್ದ. ಕೆಳಗಿಳಿದು ಬಂದು ತಲೆಯೆತ್ತಿ ನೋಡುವಷ್ಟರಲ್ಲಿ ಗಾರೆ ಕಚ್ಚಿತ್ತು, ಪೂಜೆಗೆ ದಿನ ಗೊತ್ತಾಗಿತ್ತು. ಬಸ್ಸು ಅಲ್ಲಿಗೆ ಬರುತ್ತಲೇ ಕಂಡಕ್ಟರು "ಕುಡುಕಪ್ಪನ ಸ್ಟಾಪು ಯಾರ್ರೀ, ಇಳ್ಕಳಿ" ಎಂದು ಕೂಗುತ್ತಾನೆ. ಒಮ್ಮೆ ಭೀಮರಾಜುವೇ ಆ ಬಸ್ಸಿನಲ್ಲಿದ್ದ. ಎಲ್ಲರೂ ಕತ್ತು ಓರೆ ಮಾಡಿ ಕಿಟಕಿಯಾಚೆ ನೋಡಿ ನಕ್ಕರು. ಅವನೂ ನಕ್ಕ, ನಗದಿದ್ದರೆ ಗೊತ್ತಾಗಿಬಿಡುತ್ತದಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ. ತೋವಿನಕೆರೆ ಸಂತೆಯಲ್ಲಿ ಅವನಿಗೆ ಸೊಟ್ಟ ಭೀಮ ಎಂಬ ಹೆಸರು ನಿಂತೇಹೋಗಿದೆ, ತರಕಾರಿ ಮಾರುವ ಹೆಂಗಸರು ಕೂಡ ಬೈಗುಳವೆಂದು ತಿಳಿಯದೆ ಹಾಗೇ ಕರೆಯುತ್ತಾರೆ.

"ಇನ್ನೊಂದ್ ನಾಕ್ ಬಾಂಡ್ಲಿ ಬೇಕೇನೋ ಭೀಮಣ್ಣ?" ಎಂದಳು ಪುಟ್ಟಕ್ಕ. ಅವನು ಹೂಂ ಎಂದ. ಅವಳು ಅವನ ಜೊತೆ ಪಾವಗಡದ ಆಚೆ ಆಂಧ್ರದ ಗಡಿಯವರೆಗೂ ಕೆಲಸಕ್ಕೆ ಬಂದವಳು, ಅವನ ಹೂಂಗಳಲ್ಲಿ ಎಷ್ಟು ಬಗೆ ಎಂದು ತಿಳಿದವಳು. ಒಂದು ಗಳಿಗೆ ನಿಂತು ಅವನ ಮುಖ ನೋಡಿ ಹೋದಳು. ಈ ಕೆಲಸ ಶುರುವಾದದ್ದೇ ಒಂದು ತಮಾಷೆಯಿಂದ. ಹಳೆಯ ವಿದ್ಯಾರ್ಥಿಗಳು ಸೇರಿ ಮೈದಾನದ ಮೂಲೆಯಲ್ಲಿ ಚಂದ್ರನ ನೆಲ ಮಾಡಿಸಿ, ಮನುಷ್ಯರಿಗಿಂತ ಮುಂಚೆ ಹೋದ ಯಂತ್ರಗಳನ್ನು ಅಲ್ಲಿ ನಿಲ್ಲಿಸಬೇಕೆಂದಿದ್ದರು. ಮೊದಲನೆಯದಕ್ಕೆ ಏನು ಮಾಡಲಿ ಎಂದು ಕೇಳಿದರೆ ಅತಿಯಾ ಮೇಡಂ ಒಂದು ಗುಂಡಿ ತೋಡಿ ಎಂದರು. ಅದು ನೇರವಾಗಿ ಹೋಗಿ ಅಪ್ಪಳಿಸಿ ಚೂರಾಯಿತಂತೆ. ದೇವಲೋಕದ ಗೊಂಬೆಗಳನ್ನೆಲ್ಲ ಮಾಡಿದ ಕೈಗೆ ಗುಂಡಿ ತೋಡುವ ಕೆಲಸ ಬಂತಲ್ಲ ಎಂದು ಅವನಿಗೆ ನಗು ಬಂದಿತ್ತು, ಆದರೂ ಅಂಚಿನ ಮಣ್ಣು ಸಿಡಿದ ಹಾಗೆ ಕಾಣುವಂತೆ ಎಂಥಾ ಗುಂಡಿ ಮಾಡಿಕೊಟ್ಟ! ಎರಡನೆಯದಕ್ಕೆ, ಈ ಲೂನಾಕ್ಕೆ, ಬಂದಾಗ ಎಡವಟ್ಟಾಯಿತು. ಮೇಡಂ ಕೊಟ್ಟ ಚಿತ್ರದಲ್ಲಿ ನಾಲ್ಕು ದಳ ಅರಳಿದ್ದನ್ನು ಕಂಡು ಅವನ ಕೈ ತಾನಾಗಿ ಕಮಲ ಮಾಡಿತು. ದಳದ ತುದಿಯನ್ನು ಸ್ವಲ್ಪ ಬಾಗಿಸಿ, ಲಕ್ಷ್ಮಿಯ ಪೀಠಕ್ಕೆ ಎಳೆಯುವಂತೆ ನರಗಳನ್ನು ಎಳೆದು, ನಡುವಿನ ಕ್ಯಾಮರಾ ಗೂಡಿಗೆ ಒಂದು ಕಣ್ಣೂ ರೆಪ್ಪೆಯೂ ಇಟ್ಟಿದ್ದ. ಕಣ್ಣಿಗೆ ಬಟ್ಟೆ ಕಟ್ಟಿದ್ದ, ಕೊನೆಯ ದಿನ ಬಿಚ್ಚೋಣವೆಂದು. ಗೊಂಬೆಯ ಕಣ್ಣನ್ನು ಮೊದಲೇ ತೆರೆದಿಡುವ ಪದ್ಧತಿ ಅವರ ಮನೆತನದಲ್ಲಿ ಇಲ್ಲ. ಮೇಡಂ ಬಂದು ಬಟ್ಟೆ ಬಿಚ್ಚಿಸಿ ನೋಡಿ ಬಾಯಿಗೆ ಸೆರಗು ಹಿಡಿದುಕೊಂಡರು. ಹಿಂದಿದ್ದ ಹುಡುಗಿಯರು ಸೆರಗು ಗಿರಗು ಏನೂ ಹಿಡಿಯದೆ ನಕ್ಕರು.

"ಇದಕ್ಕೆ ಮುಖ ಅಂತ ಇಲ್ಲ ಭೀಮರಾಜಣ್ಣ" ಎಂದಿದ್ದರು ಮೇಡಂ, ನಗು ನುಂಗಿಕೊಂಡು. "ಕ್ಯಾಮರಾ ಸುತ್ತಲೂ ತಿರುಗ್ತಿತ್ತು. ಎಲ್ಲಾ ಕಡೆನೂ ಅದಕ್ಕೆ ಮುಂದೇನೇ."

ಅವನು ಅದೇ ಸಂಜೆ ಕಣ್ಣು ಕೆತ್ತಿ ತೆಗೆದ, ನರಗಳನ್ನು ಉಜ್ಜಿದ. ಅವಮಾನವಾಗಿತ್ತು, ಇಲ್ಲವೆನ್ನಲು ಅವನೇನು ಸಂತನಲ್ಲ. ಆದರೆ ಮುಂದು ಹಿಂದು ಇಲ್ಲದ ಗೊಂಬೆಯೊಂದು ಇರಬಹುದು ಎನ್ನುವ ವಿಚಾರ ಅವನನ್ನು ಬಿಡಲಿಲ್ಲ. ಇಷ್ಟು ಕಾಲ ಗೋಪುರದ ಮೇಲೆ ಅವನು ಮಾಡಿದ್ದಕ್ಕೆಲ್ಲ ಎದೆ ಇತ್ತು, ಬೆನ್ನು ಗೋಡೆಗೆ ಹತ್ತಿಕೊಂಡಿತ್ತು. ಬೆನ್ನು ಯಾರಿಗೂ ಕಾಣುವುದಿಲ್ಲವಾದ್ದರಿಂದ ಅಲ್ಲಿ ಇಟ್ಟಿಗೆ ಚೂರು ತುಂಬಿದರೂ ನಡೆಯುತ್ತಿತ್ತು. ಇದಕ್ಕೆ ಹಾಗೆ ಮಾಡುವಂತಿಲ್ಲ. ಮಲಗಿದರೂ ಅದೇ ಯೋಚನೆ, ಊಟಕ್ಕೆ ಕೂತರೂ ಅದೇ. ಚಂದ್ರನ ಮೇಲಿನ ಧೂಳು ಎಷ್ಟು ಆಳವೋ, ಇಳಿದದ್ದು ಹಿಟ್ಟಿನ ಮೂಟೆಗೆ ಬಿದ್ದ ಗೋಲಿಯ ಹಾಗೆ ಹೂತುಹೋಗುತ್ತದೋ ಎಂದು ದೊಡ್ಡ ದೊಡ್ಡವರೇ ಹೆದರಿದ್ದರಂತೆ. ಗಾಳಿ ತುಂಬಿದ ಚೀಲದೊಳಗೆ ಇಟ್ಟು ಬೀಳಿಸಿದರಂತೆ. ಅದು ಪುಟಿದು, ಉರುಳಿ, ನಿಂತು, ದಳ ಬಿಚ್ಚಿ, ಸುತ್ತ ನೋಡಿ ಚಿತ್ರ ಕಳಿಸಿತಂತೆ. ಹೂತುಹೋಗಲಿಲ್ಲ. ನೆಲ ಗಟ್ಟಿ ಇದೆ ಎಂದು ಅವತ್ತೇ ಲೋಕಕ್ಕೆ ಗೊತ್ತಾಯಿತು. ಇದನ್ನು ಮೇಡಂ ಹೇಳುತ್ತಿದ್ದಾಗ ಯಾಕೋ ತನ್ನ ಮುಖ ಅವರಿಗೆ ಕಾಣಬಾರದೆಂದು ಅವನು ಗಾರೆ ಕಲಸುವ ನೆಪದಲ್ಲಿ ಆಚೆ ತಿರುಗಿದ್ದ.

"ಆದರೆ ಅದು ನಿಂತ ಜಾಗ ಇಳಿಜಾರು. ಓರೆಯಾಗೇ ನಿಂತಿತು. ಅಷ್ಟೇ ಅಲ್ಲ, ಚಿತ್ರ ತೆಗೆಯೋ ಮಧ್ಯದಲ್ಲಿ ಇನ್ನೂ ಸ್ವಲ್ಪ ವಾಲಿತು" ಎಂದಿದ್ದರು.

"ಕೆಟ್ಟೋಯ್ತಾ ಹಂಗಾದ್ರೆ?"

"ಕೆಡಲಿಲ್ಲ. ಒಳ್ಳೇದೇ ಆಯ್ತು. ಅದೇ ಕಲ್ಲನ್ನ ಎರಡು ಜಾಗದಿಂದ ನೋಡಿದ ಹಾಗಾಯ್ತಲ್ಲ, ಯಾವ ಕಲ್ಲು ಹತ್ತಿರ, ಯಾವುದು ದೂರ ಅಂತ ಗೊತ್ತಾಯ್ತು. ನಮ್ಮ ಎರಡು ಕಣ್ಣಿನ ಹಾಗೆ. ಅದಕ್ಕೇ ಹೇಳೋದು, ಓರೆಯಾಗಿ ನಿಲ್ಲಿಸಿ ಅಂತ."

ಈಗ ಶಿರಾದಿಂದ ಬರುವ ಬಸ್ಸು ಇಳಿದು ಅತಿಯಾ ಮೇಡಂ ಗೇಟಿನೊಳಗೆ ಬರುವುದು ಕಾಣಿಸಿತು. ಟಿಫನ್ ಕ್ಯಾರಿಯರಿನ ಚೀಲ ಒಂದು ಕೈಯಲ್ಲಿ, ಉತ್ತರ ಪತ್ರಿಕೆಗಳ ಕಟ್ಟು ಇನ್ನೊಂದರಲ್ಲಿ. ಬೈಯುತ್ತಾರೆ, ಬೈಯಲಿ, ಬೈದರೆ ತಾನೂ ಎದುರು ಮಾತಾಡಬಹುದು ಎಂದು ಭೀಮರಾಜು ಲುಂಗಿ ಎತ್ತಿ ಕಟ್ಟಿ ಸಿದ್ಧನಾದ. ನಿಮಗೇನು ಮೇಡಂ, ಸಂಬಳ ಬರುತ್ತದೆ, ಸೊಟ್ಟ ಎನ್ನುವ ಹೆಸರು ನಿಮ್ಮ ಬೆನ್ನಿಗೆ ಅಂಟುವುದಿಲ್ಲ. ಇದನ್ನು ನೋಡಿ ನಗುವವರು ಚಂದ್ರನನ್ನು ನೋಡಿ ನಗುವುದಿಲ್ಲ, ನನ್ನನ್ನು ನೋಡಿ ನಗುತ್ತಾರೆ. ಇಷ್ಟೂ ಮಾತು ನಾಲಿಗೆಯ ತುದಿಯಲ್ಲಿತ್ತು. ಮೇಡಂ ಬಂದು ಕಟ್ಟನ್ನು ಕಲ್ಲಿನ ಮೇಲಿಟ್ಟು, ಯಂತ್ರವನ್ನು ಒಂದು ಸುತ್ತು ಬಂದರು. ದಳದ ಅಂಚನ್ನು ಬೆರಳಿಂದ ಮುಟ್ಟಿದರು.

"ನೆಟ್ಟಗೆ ನಿಲ್ಸಿದ್ದೀರಿ."

"ಹೂಂ ಮೇಡಂ. ಓರೆ ಇಕ್ಕಿದ್ರೆ ಬುಡದಲ್ಲಿ ಬಿರುಕು ಬುಡ್ತದೆ" ಎಂದ. ಅದು ಸುಳ್ಳು. ಪುಟ್ಟಕ್ಕ ಬಾಂಡಲಿ ಇಳಿಸದೆ ಅಲ್ಲೇ ನಿಂತು ಕೇಳಿಸಿಕೊಂಡಳು.

"ಹೌದಾ? ಪರವಾಗಿಲ್ಲ ಬಿಡಿ. ಚೆನ್ನಾಗಿ ಬಂದಿದೆ. ಅದು ಓರೆಯಾಗಿತ್ತು ಅಂತ ಮಕ್ಕಳಿಗೆ ನಾನು ಬಾಯಲ್ಲಿ ಹೇಳ್ಕೊಡ್ತೀನಿ" ಎಂದು ಅತಿಯಾ ಮೇಡಂ ನಕ್ಕು, ಕಟ್ಟು ಎತ್ತಿಕೊಂಡು ಬೆಲ್ಲಿನ ಸದ್ದಿಗೆ ಅವಸರವಾಗಿ ಹೋದರು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಬಾಯಲ್ಲಿ ಹೇಳಿಕೊಡುತ್ತಾರಂತೆ! ಭೀಮರಾಜು ಮಾಡಿದ ಯಾವ ಗೊಂಬೆಯ ಪಕ್ಕದಲ್ಲಿ ನಿಂತು ಯಾರು ಬಾಯಲ್ಲಿ ಹೇಳಿಕೊಟ್ಟಿದ್ದಾರೆ? ಹಳ್ಳಿಯ ಮುದುಕಿ ಓದು ಬರದವಳು ಗೋಪುರದ ಕೆಳಗೆ ನಿಂತು ಇದು ನರಸಿಂಹ, ಇದು ಕಾಳಿಂಗನ ಮೇಲೆ ಕುಣಿಯುವ ಕೃಷ್ಣ ಎಂದು ಮೊಮ್ಮಗಳಿಗೆ ತೋರಿಸುತ್ತಾಳೆ. ಅದು ಅವಳ ಬಾಯಿಂದ ಬಂದ ಮಾತಲ್ಲ, ಮೇಲೆ ಗಾರೆಯಲ್ಲಿ ಇರುವುದು ಕೆಳಗೆ ಬಂದದ್ದು. ಅಷ್ಟು ಮಾಡಲಾಗದಿದ್ದರೆ ಗಾರೆ ಮೆತ್ತುವ ಕರಣೆ ಯಾಕೆ ಹಿಡಿಯಬೇಕು? ವಾಲಿದ ದ್ವಾರಪಾಲಕನನ್ನು ನೋಡಿದವರಿಗೆ ಕೂಡ ಅವನು ದ್ವಾರಪಾಲಕ ಎನ್ನುವುದರಲ್ಲಿ ಅನುಮಾನ ಬಂದಿರಲಿಲ್ಲ, ಕುಡಿದಿದ್ದಾನೆ ಎಂದಷ್ಟೇ ನಕ್ಕರು. ಈ ನೆಟ್ಟನೆಯದನ್ನು ನೋಡಿ ಯಾರೂ ನಗುವುದಿಲ್ಲ. ನಾಗಲಿಂಗಯ್ಯ ತಲೆದೂಗುತ್ತಾರೆ, ಗೋಪುರ ಕೈಗೆ ಬರುತ್ತದೆ. ಆಮೇಲೆ ಪ್ರತಿ ವರ್ಷ ಹೊಸ ಮಕ್ಕಳು ಇಲ್ಲಿಗೆ ಬರುತ್ತಾರೆ, ಮೇಡಂ ಅಥವಾ ಅವರ ನಂತರ ಬಂದ ಇನ್ಯಾರೋ, ಇದು ಹೀಗಿರಲಿಲ್ಲ ಮಕ್ಕಳೇ, ಮಾಡಿದವರಿಗೆ ಆಗಲಿಲ್ಲ ಎಂದು ಹೇಳುತ್ತಾರೆ. ಮಾಡಿದವರಿಗೆ ಆಗಲಿಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿತು, ಮೇಡಂ ಮೇಲಲ್ಲ, ಬೆಳಿಗ್ಗೆ ಎದ್ದು ಯಾರೂ ಬರುವುದಕ್ಕೆ ಮುಂಚೆ ಕಳ್ಳನ ಹಾಗೆ ಬಂದು ಗುಂಡು ಬಿಟ್ಟ ತನ್ನ ಕೈ ಮೇಲೆ. ಹೆದರಿದ್ದ, ಅಷ್ಟೇ. ಬಿರುಕಿನ ಮಾತೆಲ್ಲ ಸುಳ್ಳು, ಹೆದರಿದ್ದು ಮಾತ್ರ ನಿಜ. ಇಷ್ಟು ಒಳ್ಳೆಯ ಕೆಲಸಗಾರ ಹೆದರಿಕೊಂಡು ಸುಳ್ಳು ಗೊಂಬೆ ಮಾಡಿದನೆಂದರೆ ನಾಚಿಕೆಗೇಡು.

"ಪುಟ್ಟಕ್ಕ, ಬಾಂಡ್ಲಿ ಇಡು. ಹಾರೆ ತಗಂಡ್ ಬಾ."

"ಯಾಕ್ಲಾ?"

"ಓರೆ ಮಾಡಾನ. ಗಾರೆ ಇನ್ನಾ ಹಸಿ ಐತೆ."

ಪುಟ್ಟಕ್ಕ ಸೊಂಟಕ್ಕೆ ಕೈಯಿಟ್ಟಳು. "ಲೇ, ನಿಂಗೇನ್ ತಲೆ ಕೆಟ್ಟೈತಾ? ಆ ಯಜಮಾನಪ್ಪ ಇನ್ನೇನ್ ಬತ್ತಾರೆ. ಅವ್ರು ನೋಡ್ಕಂಡು ಹೋದ್ಮೇಲೆ ಮಾಡು, ಯಾರ್ ಬ್ಯಾಡ ಅಂತಾರೆ?"

"ಅಷ್ಟೊತ್ಗೆ ಕಚ್ಕಂಬುಡ್ತದೆ ಕಣಕ್ಕ."

"ಕಚ್ಕಳ್ಳಿ ಬುಡು! ನೆಟ್ಗಿದ್ರೆ ಯಾರಪ್ಪನ್ ಗಂಟು ಹೋಯ್ತದೆ? ನಿಂಗೆ ಗೋಪ್ರ ಬ್ಯಾಡ್ವಾ?"

ಬೇಕು. ಗೋಪುರ ಬೇಕು ಎಂದು ಅವನ ಮೈಯೆಲ್ಲ ಹೇಳುತ್ತಿತ್ತು. ಬೊಂಬು ಕಟ್ಟಿದ ಸಾರುವೆಯ ಮೇಲೆ ಆಕಾಶಕ್ಕೆ ಹತ್ತಿರವಾಗಿ ಕೂತು, ಕೆಳಗಿನವರು ಇರುವೆಗಳಾಗಿ, ಗಾಳಿಗೆ ಒಣಗುವ ಗಾರೆಯ ವಾಸನೆಯಲ್ಲಿ ದೇವತೆಗಳ ಮೂಗು ತಿದ್ದುವ ಸುಖ ಬೇಕು. ಅದಕ್ಕಾಗಿ ಈ ವರ್ಷಗಳಲ್ಲಿ ಕಾಂಪೌಂಡು ಗೋಡೆ ಕಟ್ಟಿದ್ದಾನೆ, ನೀರಿನ ತೊಟ್ಟಿಗೆ ಸಿಂಹದ ಮುಖ ಅಂಟಿಸಿದ್ದಾನೆ, ಮದುವೆ ಮಂಟಪದ ಕಂಬಕ್ಕೆ ದ್ರಾಕ್ಷಿ ಗೊಂಚಲು ಮಾಡಿದ್ದಾನೆ. ಆದರೂ ಅವನೇ ಹೋಗಿ ಹಾರೆ ತಂದ. ಬೊಂಬುಗಳ ಹಗ್ಗ ಸಡಿಲಿಸಿದ. ಪುಟ್ಟಕ್ಕ ಬೈಯುತ್ತಲೇ ಬಂದು ಆಚೆ ಕಡೆಗೆ ಹೆಗಲು ಕೊಟ್ಟಳು. ಹಾರೆ ಒತ್ತಿದಾಗ ಬುಡದ ಹಸಿ ಕಾಂಕ್ರೀಟು ಉಸಿರು ಬಿಟ್ಟಂತೆ ಸದ್ದು ಮಾಡಿತು, ಯಂತ್ರ ಒಂದು ಕಡೆಗೆ ಬಾಗಿತು. ಮೊದಲು ವಿಪರೀತವಾಯಿತು, ಬೀಳುವವನ ಹಾಗೆ ಕಂಡಿತು. ಹಿಂದಕ್ಕೆ ತಂದರೆ ತೀರ ಕಡಿಮೆಯಾಗಿ, ನೆಟ್ಟಗೆ ನಿಲ್ಲಿಸಲು ಹೋಗಿ ಸೋತವರ ಕೆಲಸದ ಹಾಗೆ ಕಂಡಿತು. ಇಲ್ಲಿ ಗುಂಡು ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಗೆರೆ. ಬೀಳುತ್ತಿರುವುದಕ್ಕೂ ಬಿದ್ದು ಉರುಳಿ ಇನ್ನು ಇಲ್ಲೇ ಎಂದು ನೆಲ ಹಿಡಿದು ಕೂತದ್ದಕ್ಕೂ ಇರುವ ವ್ಯತ್ಯಾಸವನ್ನು ಕಣ್ಣೇ ಹುಡುಕಬೇಕು. ಒಮ್ಮೆ ಮೋಸ ಹೋದ ಕಣ್ಣು. ಅವನು ದೂರ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದ, ಹುಡುಗರ ಎತ್ತರಕ್ಕೆ ಬಗ್ಗಿ ನೋಡಿದ, ಹಿಂದಿನಿಂದ ನೋಡಿದ, ಮತ್ತೆ ಹಿಂದು ಎಲ್ಲಿಂದ ಬಂತು ಎಂದು ತನಗೆ ತಾನೇ ನಕ್ಕ. ಕೆಳಗಿನ ಎರಡು ದಳಗಳು ಮಣ್ಣನ್ನು ಒತ್ತಿ ಹಿಡಿದು, ಮೇಲಿನೆರಡು ಸ್ವಲ್ಪ ಎದ್ದು, ನಡುವಿನ ಗೂಡು ದಿಗಂತವನ್ನು ಓರೆಗಣ್ಣಿಂದ ನೋಡುವಂತಾಯಿತು. ಇದೇ. ಇದು ಎಲ್ಲೋ ದೂರದಿಂದ ಬಂದು ಈಗ ಇಳಿದಿದೆ. ಬೆಳಗಿನ ನೆಟ್ಟನೆಯದು ಅಂಗಡಿಯ ಮುಂದೆ ನಿಲ್ಲಿಸಿದ ಗೊಂಬೆಯಾಗಿತ್ತು.

"ಸಾಕು! ಹಂಗೇ ಹಿಡ್ಕ, ಅಲ್ಲಾಡಬ್ಯಾಡ" ಎಂದು ಕೂಗಿ ಹಗ್ಗ ಬಿಗಿದ. ಕಲ್ಲು ಕೊಟ್ಟು ಬುಡ ಗಟ್ಟಿ ಮಾಡಿದ. ಪುಟ್ಟಕ್ಕ ದೂರ ಬಂದು ನೋಡಿ, ಉಳಿದ ಕಾಂಕ್ರೀಟು ತರಲು ಹೋದಳು.

ನಾಗಲಿಂಗಯ್ಯನವರು ಸ್ಕೂಟರು ನಿಲ್ಲಿಸಿ, ಶಲ್ಯ ಸರಿಮಾಡಿಕೊಂಡು ಬಂದಾಗ ಬುಡದ ನೀರು ಆರುತ್ತಿತ್ತು. ಭೀಮರಾಜು ಕೈ ತೊಳೆದು ನಮಸ್ಕಾರ ಮಾಡಿದ. ಅವರು ಗುಂಡಿ ನೋಡಿದರು, ಯಂತ್ರ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕತ್ತು ನಿಧಾನವಾಗಿ ಓರೆಯಾಯಿತು. ಬಸ್ಸಿನೊಳಗೆ ಅಷ್ಟೂ ಜನರ ಕತ್ತು ಓರೆಯಾಗುವುದನ್ನು ನೋಡಿದ ಅವನಿಗೆ ಅದರ ಮುಂದೆ ಬರುವುದೇನೆಂದು ಗೊತ್ತಿತ್ತು. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡ.

"ಏನಯ್ಯ ಇದು, ಸೊಟ್ಟಗೈತಲ್ಲ?"

"ಸೊಟ್ಟಗೇ ಇಕ್ಕಿದೀನಿ ಯಜಮಾನ್ರೇ. ಅದು ಚಂದ್ರನ್ ಮ್ಯಾಲೆ ನಿಂತಿದ್ದೇ ಹಿಂಗೆ."

"ನೀನ್ ನೋಡಿದ್ಯಾ?" ಎಂದು ಅವರು ನಕ್ಕರು. ಕೆಟ್ಟ ನಗುವಲ್ಲ, ಸಲಿಗೆಯ ನಗು. ಅದೇ ಹೆಚ್ಚು ಚುಚ್ಚಿತು. "ಅಲ್ಲಪ್ಪ, ಯಾರಾರಾ ಹಿಂಗ್ ಮಾಡು ಅಂತ ಹೇಳಿದ್ರಾ, ಇಲ್ಲಾ ನೀನೇ ಮಾಡಿದ್ಯಾ? ನಿಜ ಹೇಳು. ನಾಳೆ ನಮ್ಮೂರೋರು ಕೇಳಿದ್ರೆ ನಾನೊಂದ್ ಮಾತು ಹೇಳ್ಬೇಕಲ್ಲ."

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಸೈನ್ಸ್ ಮೇಡಂ ಹೇಳಿದರು ಎಂದರೆ ಸಾಕು. ಕಿಟಕಿಯಾಚೆ ಅತಿಯಾ ಮೇಡಂ ಪಾಠ ಮಾಡುವ ಸದ್ದು ಕೂಡ ಕೇಳಿಸುತ್ತಿತ್ತು; ಬೇಕಾದರೆ ಕರೆದು ಸಾಕ್ಷಿ ಹೇಳಿಸಬಹುದಿತ್ತು, ಮತ್ತೆ ಅದು ನಿಜವೂ ಹೌದು. ಓದಿದವರು ಹೇಳಿದರು, ಕೆಲಸದವನು ಮಾಡಿದ, ಅವನ ಕೈಯೇನೂ ಕೆಟ್ಟಿಲ್ಲ ಎಂದು ನಾಗಲಿಂಗಯ್ಯ ಊರಿನಲ್ಲಿ ಹೇಳುತ್ತಿದ್ದರು. ಅವರೂ ಅದನ್ನೇ ಕೇಳಲು ಬಯಸಿದ್ದರು ಎಂದು ಭೀಮರಾಜುವಿಗೆ ಅನ್ನಿಸಿತು. ಅವನು ಯಂತ್ರದ ಕಡೆ ನೋಡಿದ. ಬಿಸಿಲಿಗೆ ಅದರ ನೆರಳು ಒಂದು ಕಡೆಗೆ ಉದ್ದವಾಗಿ ಬಿದ್ದಿತ್ತು.

"ಯಾರೂ ಹೇಳ್ಲಿಲ್ಲ ಯಜಮಾನ್ರೇ. ನಾನೇ ಇಕ್ಕಿದ್ದು. ಬೆಳಿಗ್ಗೆ ನೆಟ್ಗಿತ್ತು, ಸರಿ ಕಾಣ್ಲಿಲ್ಲ, ಓರೆ ಮಾಡ್ದೆ."

ನಾಗಲಿಂಗಯ್ಯ ಇನ್ನೊಂದು ಸಲ ಅದನ್ನು ಮೇಲಿಂದ ಕೆಳಗೆ ನೋಡಿದರು. ಹೂಂ ಎಂದರು. ಊರಲ್ಲಿ ಕೂತು ಮಾತಾಡಿ ಹೇಳ್ತೀವಿ ಎಂದರು. ಈ ಸೀಮೆಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಸ್ಕೂಟರು ಗೇಟು ದಾಟುವವರೆಗೂ ಭೀಮರಾಜು ನಿಂತೇ ಇದ್ದ.

ಪುಟ್ಟಕ್ಕ ಬಾಂಡಲಿಯನ್ನು ನೆಲಕ್ಕೆ ಕುಕ್ಕಿದಳು. "ಮೇಡಮ್ಮೋರು ಹೇಳಿದ್ರು ಅಂತ ಒಂದ್ಮಾತು ಅಂದಿದ್ರೆ ಏನೋ ನಿನ್ ಗಂಟು ಹೋಗ್ತಿತ್ತು? ಸುಳ್ಳಾ ಅದು?"

"ಸುಳ್ಳಲ್ಲ."

"ಮತ್ತೆ?"

"ಅಂಗಂದಿದ್ರೆ ಇದು ಮೇಡಮ್ಮೋರದಾಗ್ಬುಡ್ತಿತ್ತು ಕಣಕ್ಕ."

ಅವಳು ಅವನನ್ನೂ ಅದನ್ನೂ ನೋಡಿದಳು. "ಅದ್ಕೆ ಗೋಪ್ರ ಕಳ್ಕಂಡ್ಯಾ?"

"ಕಳ್ಕಂಡೆ" ಎಂದ. ಕುಕ್ಕರಗಾಲಲ್ಲಿ ಕೂತು, ಬುಡದ ಗಾರೆ ಕಚ್ಚುವ ಮುಂಚೆ, ಚಂದ್ರನ ನೆಲದ ಇಳಿಜಾರು ಇಳಿಜಾರಾಗಿಯೇ ಉಳಿಯುವಂತೆ ಕರಣೆ ಎಳೆಯತೊಡಗಿದ.